ಎಚ್‌ಡಿವಿ ಕ್ಯಾಮ್‌ಕಾರ್ಡರ್: ಗುಣಲಕ್ಷಣ ಮತ್ತು ಪರೀಕ್ಷೆ

ಮಿನಿ ಡಿವಿ ಕ್ಯಾಸೆಟ್ಟಿನ ಟೇಪಿನ ಮೇಲೆ ಹೈ ಡೆಫಿನಿಷನ್ ದೃಶ್ಯವನ್ನು ದಾಖಲಿಸುವ, ಕೈಯಲ್ಲಿ ಹಿಡಿದು ಬಳಸುವ ವಿಡಿಯೊ ಕ್ಯಾಮೆರಾ. 2003ರಲ್ಲಿ ಮಾರುಕಟ್ಟೆಗೆ ಬಂದು, 2005ರಿಂದ 2009ರವರೆಗೆ ಮನೆಬಳಕೆಯ ಕ್ಯಾಮೆರಾಗಳಲ್ಲಿ ಮೇಲ್ದರ್ಜೆಯದೆನಿಸಿಕೊಂಡಿತ್ತು. ಆಮೇಲೆ ಮೆಮೊರಿ ಕಾರ್ಡಿನ ಕ್ಯಾಮೆರಾಗಳೂ ವಿಡಿಯೊ ತೆಗೆಯುವ ಡಿಎಸ್‌ಎಲ್‌ಆರ್‌ಗಳೂ ಇದರ ಜಾಗವನ್ನು ಹಿಡಿದವು. ಬಾಳಿದ್ದು ಕೆಲವೇ ವರ್ಷವಾದರೂ ಆ ವರ್ಷಗಳ ಮದುವೆ, ನಾಮಕರಣ, ಶಾಲಾ ವಾರ್ಷಿಕೋತ್ಸವ, ಕಿರುಚಿತ್ರಗಳ ಎಷ್ಟೋ ದೃಶ್ಯಗಳು ಇಂದಿಗೂ ಈ ಟೇಪುಗಳಲ್ಲೇ ಉಳಿದಿವೆ. ಹಾಗಾಗಿ ಇದರ ಗುಣದೋಷಗಳನ್ನು ತಿಳಿಯುವುದು ಹಳೆಯ ಸಲಕರಣೆಯ ಚರಿತ್ರೆಯನ್ನು ಓದಿದಷ್ಟಕ್ಕೇ ಮುಗಿಯುವುದಿಲ್ಲ.

ಇಂಥ ಕ್ಯಾಮೆರಾವನ್ನು ಅಳೆಯುವಾಗ ಪೆಟ್ಟಿಗೆಯ ಮೇಲೆ ಅಚ್ಚಾದ ಅಂಕಿಗಳನ್ನು ನಂಬಿ ಕೂರುವಂತಿಲ್ಲ. ಬೆಳಕು ಮಸೂರವನ್ನು ಹೊಕ್ಕಲ್ಲಿಂದ ದೃಶ್ಯ ಕಂಪ್ಯೂಟರನ್ನು ಸೇರುವವರೆಗೆ ಒಂದು ದಾರಿಯಿದೆ. ಮಸೂರ, ಸೆನ್ಸರ್, ಸಂಕೋಚನ, ಟೇಪು, ಕೇಬಲ್ ಇವುಗಳಲ್ಲಿ ಯಾವುದು ದುರ್ಬಲವೋ ಒಟ್ಟು ಚಿತ್ರದ ಗುಣಮಟ್ಟ ಅಲ್ಲಿಗೇ ನಿಲ್ಲುತ್ತದೆ. ಒಳ್ಳೆಯ ಪರೀಕ್ಷೆ ಎಂದರೆ ಈ ದಾರಿಯುದ್ದಕ್ಕೂ ನಡೆದು ನೋಡುವುದು.

ಹಿನ್ನೆಲೆ

ಡಿಜಿಟಲ್ ವಿಡಿಯೊ ಅಂದರೆ ಡಿವಿ ಮಾದರಿ ಬಂದದ್ದು 1995ರಲ್ಲಿ. ಅದರ ಚಿಕ್ಕ ಕ್ಯಾಸೆಟ್ಟು, ಫೈರ್‌ವೈರ್ ಕೇಬಲ್, ಕಂಪ್ಯೂಟರಿನಲ್ಲಿ ಸುಲಭವಾಗಿ ನಡೆಯುವ ಎಡಿಟಿಂಗ್, ಈ ಮೂರೂ ಸೇರಿ ವಿಡಿಯೊ ತಯಾರಿಕೆಯನ್ನು ಸ್ಟುಡಿಯೊದಿಂದ ಮನೆಗೆ ತಂದವು. ಹೈ ಡೆಫಿನಿಷನ್ ಟಿವಿ ಹರಡತೊಡಗಿದಾಗ ಅದೇ ಕ್ಯಾಸೆಟ್ಟು, ಅದೇ ಟೇಪಿನ ವೇಗ, ಅದೇ ಕೇಬಲ್ ಇಟ್ಟುಕೊಂಡು ಹೆಚ್ಚು ಸ್ಪಷ್ಟವಾದ ಚಿತ್ರವನ್ನು ಒಳಗೆ ತುಂಬುವುದು ಹೇಗೆ ಎಂಬ ಪ್ರಶ್ನೆ ಎದುರಾಯಿತು. 2003ರಲ್ಲಿ ಜೆವಿಸಿ ಕಂಪನಿ ಜಿಆರ್-ಎಚ್‌ಡಿ1 ಎಂಬ ಒಂಟಿ ಸಿಸಿಡಿ ಸೆನ್ಸರಿನ ಕ್ಯಾಮೆರಾವನ್ನು ಹೊರತಂದಿತು. ಅದು 720 ಸಾಲುಗಳ ಚಿತ್ರ ಕೊಡುತ್ತಿತ್ತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಕ್ಯಾನನ್, ಜೆವಿಸಿ, ಶಾರ್ಪ್ ಮತ್ತು ಸೋನಿ ಒಟ್ಟಾಗಿ ಎಚ್‌ಡಿವಿ ಮಾನಕವನ್ನು ಪ್ರಕಟಿಸಿದವು. 2004ರಲ್ಲಿ ಸೋನಿಯ ಎಚ್‌ಡಿಆರ್-ಎಫ್‌ಎಕ್ಸ್1 ಮೂರು ಸಿಸಿಡಿಗಳೊಂದಿಗೆ 1080 ಸಾಲಿನ ಚಿತ್ರವನ್ನು ತಂದಿತು. ಆದರೆ ಅದು ದಪ್ಪ, ಭಾರ, ದುಬಾರಿ. ಸಾಮಾನ್ಯ ಗ್ರಾಹಕನ ಅಂಗೈಗೆ ಹೊಂದುವ ಕ್ಯಾಮೆರಾ ಬಂದದ್ದು 2005ರಲ್ಲಿ, ಸೋನಿ ಎಚ್‌ಡಿಆರ್-ಎಚ್‌ಸಿ1 ರೂಪದಲ್ಲಿ. ಅದರಲ್ಲಿ ಸಿಸಿಡಿಯ ಬದಲು ಒಂದೇ ಒಂದು ಸಿಮಾಸ್ ಸೆನ್ಸರ್ ಇತ್ತು. 2006ರಲ್ಲಿ ಕ್ಯಾನನ್ ಎಚ್‌ವಿ10, 2007ರ ಆರಂಭದಲ್ಲಿ ಎಚ್‌ವಿ20 ಘೋಷಣೆಯಾದವು. ಅಮೆರಿಕದಲ್ಲಿ 1,099 ಡಾಲರ್ ಬೆಲೆಗೆ ಬಂದ ಎಚ್‌ವಿ20 ಈ ವರ್ಗದಲ್ಲೇ ಹೆಚ್ಚು ಚರ್ಚೆಗೊಳಗಾದ ಕ್ಯಾಮೆರಾ. ಈ ಲೇಖನದಲ್ಲೂ ಅದನ್ನೇ ಮುಖ್ಯ ಉದಾಹರಣೆಯಾಗಿ ಇಟ್ಟುಕೊಂಡಿದೆ.

ಟೇಪಿನ ಮೇಲೆ ಏನು ಕೂರುತ್ತದೆ

ಎಚ್‌ಡಿವಿಯ ಶಕ್ತಿ, ದೌರ್ಬಲ್ಯ ಎರಡೂ ಅದರ ಸಂಕೋಚನದಲ್ಲಿವೆ. ಹಳೆಯ ಡಿವಿ, ಭಾರತ, ಯುರೋಪಿನ ಪಾಲ್ ಪದ್ಧತಿಯಲ್ಲಿ, 720ಕ್ಕೆ 576 ಪಿಕ್ಸೆಲ್‌ಗಳ ಚಿತ್ರವನ್ನು ಸೆಕೆಂಡಿಗೆ 25 ಮೆಗಾಬಿಟ್‌ಗೆ ಇಳಿಸುತ್ತಿತ್ತು. ಇದು ಸುಮಾರು ಐದರಲ್ಲಿ ಒಂದು ಪಾಲಿನ ಸಂಕೋಚನ. ಎಚ್‌ಡಿವಿಯ 1080 ಮಾದರಿಯಲ್ಲಿ 1440ಕ್ಕೆ 1080 ಪಿಕ್ಸೆಲ್‌ಗಳಿರುತ್ತವೆ. ಅಂದರೆ ಚಿತ್ರಬಿಂದುಗಳು ಹೆಚ್ಚುಕಡಿಮೆ ನಾಲ್ಕು ಪಟ್ಟು, ನಿಖರವಾಗಿ 3.75 ಪಟ್ಟು ಆದವು. ಟೇಪಿನ ಮೇಲಿನ ಜಾಗ ಮಾತ್ರ ಹೆಚ್ಚಲಿಲ್ಲ. ಸೆಕೆಂಡಿಗೆ 25 ಚಿತ್ರಗಳ ಲೆಕ್ಕದಲ್ಲಿ, ಬಣ್ಣದ ಮಾಹಿತಿಯನ್ನು ಕಾಲುಭಾಗಕ್ಕೆ ಇಳಿಸಿದ ಮೇಲೂ, ಸಂಕೋಚನವಿಲ್ಲದ ದತ್ತಾಂಶ ಸುಮಾರು 467 ಮೆಗಾಬಿಟ್ ಆಗುತ್ತದೆ. ಅದನ್ನು ಅದೇ 25 ಮೆಗಾಬಿಟ್ಟಿಗೆ ತರಬೇಕು, ಅಂದರೆ ಹತ್ತೊಂಬತ್ತರಲ್ಲಿ ಒಂದು ಪಾಲಿಗೆ.

ಇದಕ್ಕೆ ಆರಿಸಿಕೊಂಡ ಉಪಾಯ ಡಿವಿಡಿಗಳಲ್ಲಿ ಬಳಕೆಯಲ್ಲಿದ್ದ ಎಂಪೆಗ್-2. ಡಿವಿಯಲ್ಲಿ ಪ್ರತಿ ಫ್ರೇಮೂ ಸ್ವತಂತ್ರ. ಎಂಪೆಗ್-2ರಲ್ಲಿ ಒಂದು ಫ್ರೇಮನ್ನು ಪೂರ್ತಿಯಾಗಿ ಬರೆದು, ನಂತರದ ಫ್ರೇಮುಗಳಲ್ಲಿ ಬದಲಾದದ್ದನ್ನು ಮಾತ್ರ ಬರೆಯುತ್ತಾರೆ. ಭಾರತ, ಯುರೋಪಿನ 50 ಹರ್ಟ್ಸ್ ಮಾದರಿಯಲ್ಲಿ ಇಂಥ ಗುಂಪಿಗೆ 12 ಫ್ರೇಮ್, ಅಮೆರಿಕ, ಜಪಾನಿನ 60 ಹರ್ಟ್ಸ್ ಮಾದರಿಯಲ್ಲಿ 15 ಫ್ರೇಮ್. ಎರಡೂ ಕಡೆ ಹೆಚ್ಚುಕಡಿಮೆ ಅರ್ಧ ಸೆಕೆಂಡ್. ದೃಶ್ಯ ನಿಶ್ಚಲವಾಗಿದ್ದಾಗ, ಉದಾಹರಣೆಗೆ ಒಬ್ಬರು ಕುಳಿತು ಮಾತನಾಡುತ್ತಿರುವಾಗ, ಈ ಉಪಾಯ ಅದ್ಭುತವಾಗಿ ನಡೆಯುತ್ತದೆ. ನೀರಿನ ಅಲೆ, ಗಾಳಿಗೆ ಅಲ್ಲಾಡುವ ಎಲೆಗಳು, ಅಕ್ಷತೆ ಎರಚುವ ಕ್ಷಣ, ಬಿರುಸಾಗಿ ತಿರುಗಿಸಿದ ಕ್ಯಾಮೆರಾ ಇಂಥಲ್ಲಿ ಬದಲಾಗದ ಭಾಗವೇ ಇರುವುದಿಲ್ಲವಾದ್ದರಿಂದ ಚಿತ್ರ ಚೌಕಚೌಕವಾಗಿ ಒಡೆಯುತ್ತದೆ. ಆದಕಾರಣ ಎಚ್‌ಡಿವಿ ಕ್ಯಾಮೆರಾದ ಪರೀಕ್ಷೆಗೆ ಹೂದಾನಿಯ ಚಿತ್ರ ಸಾಲದು. ಹರಿಯುವ ನೀರನ್ನೋ ಗಾಳಿಗೆ ಸಿಕ್ಕ ಮರವನ್ನೋ ತೆಗೆದು ನೋಡಬೇಕು. ಇದು ಸುಲಭವಾದ ಪರೀಕ್ಷೆ, ಆದರೆ ಅನೇಕರು ಮಾಡದೆ ಬಿಟ್ಟದ್ದು.

1440 ಪಿಕ್ಸೆಲ್‌ಗಳನ್ನು ಪರದೆಯ ಮೇಲೆ 1920ರ ಅಗಲಕ್ಕೆ ಎಳೆದು ತೋರಿಸಲಾಗುತ್ತದೆ. ಚಿತ್ರದ ಎತ್ತರಕ್ಕೆ ಸಮನಾದ ಅಗಲದಲ್ಲಿ ಎಷ್ಟು ಗೆರೆಗಳನ್ನು ಬಿಡಿಬಿಡಿಯಾಗಿ ಗುರುತಿಸಬಹುದು ಎಂಬುದು ಟಿವಿ ಲೋಕದ ಅಳತೆ. ಆ ಲೆಕ್ಕದಲ್ಲಿ ಎಚ್‌ಡಿವಿಯ ಮಿತಿ 810 ಗೆರೆ. ಪರೀಕ್ಷಾ ನಕ್ಷೆಯಲ್ಲಿ ಯಾರಾದರೂ ಇದಕ್ಕಿಂತ ಬಹಳ ಹೆಚ್ಚು ಕಂಡೆನೆಂದರೆ ಅವರು ನೋಡಿದ್ದು ಟೇಪಿನಿಂದ ಬಂದ ಚಿತ್ರವಲ್ಲ, ಅಥವಾ ಕೃತಕವಾಗಿ ಅಂಚು ತಿದ್ದಿದ ಚಿತ್ರ.

ಚಿತ್ರ ಇಂಟರ್‌ಲೇಸ್ಡ್ ಎಂಬುದನ್ನೂ ನೆನಪಿಡಬೇಕು. ಬೆಸ ಸಾಲುಗಳು ಮೊದಲು, ಸರಿ ಸಾಲುಗಳು ಆಮೇಲೆ ಎಂದು ಅರ್ಧರ್ಧ ಚಿತ್ರಗಳು ಸೆಕೆಂಡಿಗೆ 50 ಅಥವಾ 60 ಬರುತ್ತವೆ. ಹಳೆಯ ಟಿವಿಗೆ ಇದೇ ಸಹಜ. ಕಂಪ್ಯೂಟರ್ ಮತ್ತು ಮೊಬೈಲ್ ಪರದೆಯ ಮೇಲೆ ಮಾತ್ರ ಚಲಿಸುವ ವಸ್ತುಗಳ ಅಂಚು ಬಾಚಣಿಗೆಯ ಹಲ್ಲಿನಂತೆ ಕಾಣುತ್ತದೆ. ಅದು ಕ್ಯಾಮೆರಾದ ದೋಷವಲ್ಲ, ಡಿಇಂಟರ್‌ಲೇಸ್ ಮಾಡಿದರೆ ಹೋಗುತ್ತದೆ.

50 ಮತ್ತು 60 ಹರ್ಟ್ಸ್‌ಗಳ ವ್ಯತ್ಯಾಸ ನಮ್ಮವರಿಗೆ ನೇರವಾಗಿ ತಟ್ಟಿದ ವಿಷಯ. ಅಮೆರಿಕದಲ್ಲಿರುವ ಮಗನೋ ಮಗಳೋ ಊರಿಗೆ ಬರುವಾಗ ತಂದ ಕ್ಯಾಮೆರಾ ಅಲ್ಲಿಯ 60 ಹರ್ಟ್ಸ್ ಪದ್ಧತಿಯದು. ಇಲ್ಲಿಯ ಹಳೆಯ ಟ್ಯೂಬ್‌ಲೈಟು ಸೆಕೆಂಡಿಗೆ 100 ಸಲ ಮಿಡಿಯುತ್ತದೆ. ಈ ಎರಡು ತಾಳ ಕೂಡುವುದಿಲ್ಲವಾಗಿ ಮನೆಯೊಳಗೆ ತೆಗೆದ ದೃಶ್ಯ ಮಿಣಮಿಣ ಎನ್ನುತ್ತದೆ. ಶಟರನ್ನು ಸೆಕೆಂಡಿನ 100ನೇ ಒಂದು ಭಾಗಕ್ಕೆ ಇಟ್ಟರೆ ಮಿಣುಕು ನಿಲ್ಲುತ್ತದೆ, ಆದರೆ ಒಳಬರುವ ಬೆಳಕು ಕಡಿಮೆಯಾಗುತ್ತದೆ. ಇಲ್ಲಿಯೇ ಕೊಂಡ ಪಾಲ್ ಪದ್ಧತಿಯ ಕ್ಯಾಮೆರಾಕ್ಕೆ ಈ ತೊಂದರೆಯಿಲ್ಲ.

ಮಸೂರ ಮತ್ತು ಸೆನ್ಸರ್

ಎಚ್‌ವಿ20ರ ಸೆನ್ಸರ್ 1/2.7 ಇಂಚಿನ ಸಿಮಾಸ್, ಒಟ್ಟು ಸುಮಾರು 29.6 ಲಕ್ಷ ಪಿಕ್ಸೆಲ್‌ಗಳದು. ಅದರಲ್ಲಿ ವಿಡಿಯೊಗೆ ಬಳಕೆಯಾಗುವುದು 20.7 ಲಕ್ಷ, ಅಂದರೆ ಸರಿಯಾಗಿ 1920ಕ್ಕೆ 1080. ಪೂರ್ಣ ಹೈ ಡೆಫಿನಿಷನ್‌ಗೆ ಬೇಕಾದಷ್ಟೇ ಬಿಂದುಗಳಿಂದ ಚಿತ್ರವನ್ನು ಓದಿ, ಆಮೇಲೆ ಟೇಪಿಗಾಗಿ 1440ಕ್ಕೆ ಇಳಿಸುವುದರಿಂದ ಇದರ ಚಿತ್ರ ಆ ಬೆಲೆಯ ಇತರ ಕ್ಯಾಮೆರಾಗಳಿಗಿಂತ ಹರಿತವಾಗಿ ಕಂಡಿತು. ಮಸೂರ 6.1ರಿಂದ 61 ಮಿ.ಮೀ.ವರೆಗಿನ ಹತ್ತು ಪಟ್ಟಿನ ಜೂಮ್, ಬೆಳಕಿನ ದ್ವಾರ ಎಫ್ 1.8ರಿಂದ 3.0. ಫೋಟೊ ಕ್ಯಾಮೆರಾದ ಅಳತೆಗೆ ತಂದರೆ ಇದು 43.6 ಮಿ.ಮೀ.ನಿಂದ ಶುರುವಾಗುತ್ತದೆ. ಅಂಗಳದಲ್ಲಿ, ಮೈದಾನದಲ್ಲಿ ಇದು ಸಾಕು. ಚಿಕ್ಕ ಕೋಣೆಯಲ್ಲಿ ನಿಂತು ಹತ್ತು ಜನರನ್ನು ಒಂದೇ ಚೌಕಟ್ಟಿಗೆ ತರಬೇಕೆಂದರೆ ಗೋಡೆ ಬೆನ್ನಿಗೆ ತಾಗುತ್ತದೆ. ಅದಕ್ಕೆಂದೇ ಕ್ಯಾನನ್ 0.7 ಪಟ್ಟಿನ ಅಗಲಕೋನದ ಹೆಚ್ಚುವರಿ ಮಸೂರವನ್ನು ಮಾರುತ್ತಿತ್ತು. ಅದನ್ನು ಹಾಕಿದರೆ ಆರಂಭದ ಅಳತೆ ಸುಮಾರು 30 ಮಿ.ಮೀ.ಗೆ ಇಳಿಯುತ್ತದೆ. ಇಡೀ ವರ್ಗದ ಕ್ಯಾಮೆರಾಗಳಿಗೆ ಈ ಕೊರತೆ ಇತ್ತು. ತಯಾರಕರು ಜೂಮ್‌ನ ಉದ್ದವನ್ನು ಮೆರೆಸಿದರೇ ಹೊರತು ಅಗಲಕ್ಕೆ ಗಮನ ಕೊಡಲಿಲ್ಲ, ಆದರೆ ಮನೆಯ ಸಮಾರಂಭಕ್ಕೆ ಬೇಕಾದದ್ದು ಅಗಲ. ಡಿಜಿಟಲ್ ಜೂಮ್ ಎಂಬ ದೊಡ್ಡ ಅಂಕಿಯನ್ನು ಲೆಕ್ಕಕ್ಕೇ ತೆಗೆದುಕೊಳ್ಳಬಾರದು. ಅದು ಇರುವ ಚಿತ್ರವನ್ನೇ ಹಿಗ್ಗಿಸುತ್ತದೆ.

ಸಿಸಿಡಿಯಿಂದ ಸಿಮಾಸ್‌ಗೆ ಬಂದಾಗ ಒಂದು ದೋಷ ಹೋಗಿ ಮತ್ತೊಂದು ಬಂತು. ಸಿಸಿಡಿಯಲ್ಲಿ ಪ್ರಖರವಾದ ದೀಪವಿದ್ದಲ್ಲಿ ಮೇಲಿಂದ ಕೆಳಕ್ಕೆ ಬೆಳಕಿನ ಪಟ್ಟೆ ಏಳುತ್ತಿತ್ತು. ಸಿಮಾಸ್‌ನಲ್ಲಿ ಅದಿಲ್ಲ. ಆದರೆ ಸಿಮಾಸ್ ಚಿತ್ರವನ್ನು ಒಮ್ಮೆಲೇ ಹಿಡಿಯದೆ ಸಾಲುಸಾಲಾಗಿ ಓದುತ್ತದೆ. ಕ್ಯಾಮೆರಾವನ್ನು ಬೇಗ ತಿರುಗಿಸಿದರೆ ಕಂಬಗಳು ವಾಲುತ್ತವೆ. ವಾಹನದಲ್ಲಿ ಕೂತು ತೆಗೆದರೆ ಇಡೀ ದೃಶ್ಯ ತೊನೆಯುತ್ತದೆ. ಮದುವೆಯಲ್ಲಿ ಇದರ ಇನ್ನೊಂದು ರೂಪ ಕಾಣುತ್ತದೆ. ಪಕ್ಕದಲ್ಲಿ ನಿಂತ ಫೋಟೊಗ್ರಾಫರನ ಫ್ಲ್ಯಾಶ್ ಒಂದು ಫ್ರೇಮಿನ ಅರ್ಧಭಾಗಕ್ಕೆ ಮಾತ್ರ ಬಿದ್ದು, ಚಿತ್ರದ ಮೇಲರ್ಧ ಬೆಳ್ಳಗೆ, ಕೆಳಗಿನರ್ಧ ಎಂದಿನಂತೆ ಉಳಿಯುತ್ತದೆ. ಮಾಂಗಲ್ಯಧಾರಣೆಯ ಹೊತ್ತಿನಲ್ಲಿ ಹತ್ತಾರು ಫ್ಲ್ಯಾಶುಗಳು ಮಿಂಚಿದಾಗ ಈ ಪಟ್ಟೆಗಳನ್ನು ತಪ್ಪಿಸಲು ದಾರಿಯೇ ಇಲ್ಲ. ಕೊಳ್ಳುವ ಮುನ್ನ ಕಂಬವೊಂದರ ಮುಂದೆ ಕ್ಯಾಮೆರಾವನ್ನು ಎಡಕ್ಕೂ ಬಲಕ್ಕೂ ತಿರುಗಿಸಿ ನೋಡುವುದು ಈ ದೋಷದ ಪ್ರಮಾಣವನ್ನು ಅಳೆಯುವ ನೇರ ವಿಧಾನ.

ಮಂದ ಬೆಳಕು

ಬಿಸಿಲಿನಲ್ಲಿ ಎಲ್ಲ ಕ್ಯಾಮೆರಾಗಳೂ ಒಳ್ಳೆಯವೇ. ನೇರ ಬಿಸಿಲು ಒಂದು ಲಕ್ಷ ಲಕ್ಸ್‌ನಷ್ಟಿರುತ್ತದೆ. ಕಚೇರಿಯ ಬೆಳಕು 300ರಿಂದ 500 ಲಕ್ಸ್. ರಾತ್ರಿ ಮನೆಯ ಹಜಾರ ನೂರರ ಆಸುಪಾಸು ಅಥವಾ ಅದಕ್ಕೂ ಕಡಿಮೆ. ಆ ಕಾಲದ ಶಿಸ್ತಿನ ವಿಮರ್ಶಕರು ಬಣ್ಣದ ನಕ್ಷೆಯನ್ನು 60 ಲಕ್ಸ್ ಮತ್ತು 15 ಲಕ್ಸ್ ಬೆಳಕಿನಲ್ಲಿ ಚಿತ್ರಿಸಿ ಹೋಲಿಸುತ್ತಿದ್ದರು. ಕ್ಯಾಮೆರಾಗಳ ನಡುವಿನ ನಿಜವಾದ ಅಂತರ ತೆರೆದುಕೊಳ್ಳುವುದು ಅಲ್ಲಿ. ತಯಾರಕರು ಕೊಡುವ ಕನಿಷ್ಠ ಲಕ್ಸ್ ಅಂಕಿಯನ್ನು ಮಾತ್ರ ನಂಬುವಂತಿಲ್ಲ. ಶಟರನ್ನು ಅತಿ ನಿಧಾನಕ್ಕೆ ಇಳಿಸಿ, ಏನೋ ಒಂದು ಕಂಡರೆ ಸಾಕೆಂದು ಆ ಅಂಕಿಯನ್ನು ಬರೆಯಬಹುದು. ಅಷ್ಟು ನಿಧಾನದ ಶಟರಿನಲ್ಲಿ ಕೈ ಬೀಸಿದರೆ ಕೈಯ ಬದಲು ಮಂಜಿನ ಎಳೆ ದಾಖಲಾಗುತ್ತದೆ.

ಹೈ ಡೆಫಿನಿಷನ್ ಕ್ಯಾಮೆರಾಗಳು ಮೊದಲು ಸೋತದ್ದೂ ಇಲ್ಲೇ. ಅದೇ ಗಾತ್ರದ ಸೆನ್ಸರಿನ ಮೇಲೆ ಹೆಚ್ಚು ಬಿಂದುಗಳನ್ನು ಕೂರಿಸಿದಾಗ ಪ್ರತಿ ಬಿಂದುವಿಗೆ ದಕ್ಕುವ ಬೆಳಕು ಕಡಿಮೆ. ಒಳ್ಳೆಯ ಮೂರು ಸಿಸಿಡಿಯ ಹಳೆಯ ಡಿವಿ ಕ್ಯಾಮೆರಾ ದೀಪಾರಾಧನೆಯ ಬೆಳಕಿನಲ್ಲಿ ಹೊಸ ಹೈ ಡೆಫಿನಿಷನ್ ಕ್ಯಾಮೆರಾಕ್ಕಿಂತ ಚೊಕ್ಕಟವಾದ ಚಿತ್ರ ಕೊಡುವುದು ಅಪರೂಪವಾಗಿರಲಿಲ್ಲ. ಸೆನ್ಸರಿನ ಸಂಕೇತವನ್ನು ಹಿಗ್ಗಿಸಿ ಚಿತ್ರವನ್ನು ಬೆಳಗಿಸಿದರೆ ಕಾಳುಕಾಳಾದ ಗದ್ದಲ ಏಳುತ್ತದೆ. ಎಚ್‌ಡಿವಿಯಲ್ಲಿ ಇದಕ್ಕೆ ಇನ್ನೊಂದು ಪೆಟ್ಟು ಸೇರುತ್ತದೆ: ಗದ್ದಲ ಫ್ರೇಮಿನಿಂದ ಫ್ರೇಮಿಗೆ ಬದಲಾಗುವುದರಿಂದ ಸಂಕೋಚನದ ಯಂತ್ರ ಅದನ್ನೂ ಚಲನೆಯೆಂದು ಬಗೆದು ಬಿಟ್‌ಗಳನ್ನು ಅದರ ಮೇಲೆ ಖರ್ಚು ಮಾಡುತ್ತದೆ, ಮುಖದ ವಿವರಕ್ಕೆ ಉಳಿಯುವುದು ಕಡಿಮೆ. ಕತ್ತಲೆಯಲ್ಲಿ ಎಚ್‌ಡಿವಿ ಚಿತ್ರ ಎರಡು ಬಾರಿ ಕೆಡುತ್ತದೆ ಎನ್ನಬಹುದು. ಎಚ್‌ವಿ20 ತನ್ನ ವರ್ಗದಲ್ಲಿ ಮಂದ ಬೆಳಕನ್ನು ಚೆನ್ನಾಗಿಯೇ ನಿಭಾಯಿಸಿತು. ಆದರೂ ಒಂದು ಸಾಧಾರಣ ವಿಡಿಯೊ ಲೈಟು ಕೊಡುವ ಸುಧಾರಣೆಯನ್ನು ಯಾವ ಸೆನ್ಸರೂ ಕೊಡಲಿಲ್ಲ.

ಫೋಕಸ್, ಸ್ಥಿರತೆ, ಕೈಯ ಹಿಡಿತ

ಸಾಧಾರಣ ಡಿವಿ ಚಿತ್ರದಲ್ಲಿ ಅಷ್ಟಿಷ್ಟು ತಪ್ಪಿದ ಫೋಕಸ್ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ದೊಡ್ಡ ಹೈ ಡೆಫಿನಿಷನ್ ಟಿವಿಯಲ್ಲಿ ಅದು ಎದ್ದು ಕಾಣುತ್ತದೆ. ಕ್ಯಾನನ್ ಇದಕ್ಕಾಗಿ ಮಸೂರದ ಹೊರಗೆ ಪ್ರತ್ಯೇಕ ಸಂವೇದಕವನ್ನು ಇಟ್ಟು ದೂರವನ್ನು ಮೊದಲು ಅಂದಾಜು ಮಾಡಿ, ಬಳಿಕ ಮಸೂರದೊಳಗಿನ ಚಿತ್ರವನ್ನೇ ನೋಡಿ ನಿಖರಗೊಳಿಸುವ ವ್ಯವಸ್ಥೆಯನ್ನು ತಂದಿತು. ಇದರ ವೇಗ ಗಮನಾರ್ಹ. ಮುಂದೆ ಅಗಲಕೋನದ ಮಸೂರವನ್ನು ಸಿಕ್ಕಿಸಿದಾಗ ಮಾತ್ರ ಆ ಹೊರ ಸಂವೇದಕ ಮುಚ್ಚಿಹೋಗುವುದರಿಂದ ಸಾಮಾನ್ಯ ಆಟೊಫೋಕಸ್‌ಗೆ ಮರಳಬೇಕು. ಕೈಯಿಂದ ಫೋಕಸ್ ಮಾಡಲು ಎಚ್‌ವಿ20ರಲ್ಲಿದ್ದದ್ದು ಒಂದು ಪುಟ್ಟ ಚಕ್ರ. ಸೋನಿ ಎಚ್‌ಸಿ1ರಲ್ಲಿ ಮಸೂರದ ಸುತ್ತ ಬಳೆಯೇ ಇತ್ತು, ಅದು ಕೈಗೆ ಹಿತ. 2.7 ಇಂಚಿನ, 2.11 ಲಕ್ಷ ಬಿಂದುಗಳ ಪರದೆಯಲ್ಲಿ 20 ಲಕ್ಷ ಬಿಂದುಗಳ ಚಿತ್ರದ ಫೋಕಸನ್ನು ಕಣ್ಣಳತೆಯಲ್ಲಿ ನಿರ್ಧರಿಸುವುದು ಸಾಧ್ಯವಿಲ್ಲದ ಮಾತು. ಹಾಗಾಗಿ ಚಿತ್ರದ ನಡುಭಾಗವನ್ನು ಹಿಗ್ಗಿಸಿ ಅಂಚುಗಳನ್ನು ಎತ್ತಿತೋರಿಸುವ ಸೌಲಭ್ಯ ಇದೆಯೇ ಎಂದು ನೋಡಬೇಕು. ಎಚ್‌ವಿ20ರಲ್ಲಿ ಅದಿತ್ತು, ಅತಿಬೆಳಕಿನ ಜಾಗಗಳನ್ನು ಪಟ್ಟೆಗಳಿಂದ ಎಚ್ಚರಿಸುವ ಜೀಬ್ರಾ ಕೂಡ ಇತ್ತು.

ಕೈನಡುಕವನ್ನು ತಡೆಯಲು ಮಸೂರದೊಳಗಿನ ಗಾಜನ್ನೇ ಅಲ್ಲಾಡಿಸುವ ಆಪ್ಟಿಕಲ್ ವಿಧಾನ, ಚಿತ್ರವನ್ನು ಕತ್ತರಿಸಿ ಸರಿಸುವ ಎಲೆಕ್ಟ್ರಾನಿಕ್ ವಿಧಾನಕ್ಕಿಂತ ಮೇಲು. ಎಚ್‌ವಿ20ರದು ಆಪ್ಟಿಕಲ್. ಸ್ಥಿರವಾದ ಚಿತ್ರ ನೋಡುವುದಕ್ಕೆ ಹಿತವಷ್ಟೇ ಅಲ್ಲ. ನಡುಕ ಕಡಿಮೆಯಾದಷ್ಟೂ ಸಂಕೋಚನಕ್ಕೆ ಹೊರೆ ಕಡಿಮೆ, ಚಿತ್ರ ಅಷ್ಟು ಹರಿತ. ಎಚ್‌ಡಿವಿ ಬಳಸುವವರಿಗೆ ಟ್ರೈಪಾಡಿಗಿಂತ ಉತ್ತಮವಾದ ಹೆಚ್ಚುವರಿ ಸಾಧನ ಇನ್ನೊಂದಿಲ್ಲ.

ಸುಮಾರು ಅರ್ಧ ಕಿಲೊ ತೂಗುವ ಎಚ್‌ವಿ20ರ ಪ್ಲಾಸ್ಟಿಕ್ ಒಡಲು ಅದರ ಚಿತ್ರದ ಮಟ್ಟಕ್ಕೆ ತಕ್ಕುದಾಗಿರಲಿಲ್ಲ. ಜೂಮ್ ಗುಂಡಿ ಚಿಕ್ಕದು, ನಿಧಾನವಾಗಿ ಸಾಗುವ ಜೂಮ್ ಮಾಡಲು ಬೆರಳು ಪಳಗಬೇಕು. ಶಟರ್ ಅಥವಾ ದ್ವಾರ ಎರಡರಲ್ಲಿ ಒಂದನ್ನು ಬಳಕೆದಾರ ಹಿಡಿದಿಟ್ಟರೆ ಇನ್ನೊಂದನ್ನು ಕ್ಯಾಮೆರಾ ತಾನೇ ನಿರ್ಧರಿಸುತ್ತದೆ; ಎರಡನ್ನೂ ಸ್ವತಂತ್ರವಾಗಿ ಇಡುವ ಪೂರ್ಣ ಹತೋಟಿ ಇಲ್ಲ. ಮೆನುವಿನಲ್ಲಿರುವ ಚಿತ್ರವಿಚಿತ್ರ ಎಫೆಕ್ಟುಗಳು, ಸ್ಥಿರಚಿತ್ರದ ಸೌಲಭ್ಯ ಇವು ಮೌಲ್ಯಮಾಪನದಲ್ಲಿ ತೂಕವಿಲ್ಲದವು.

ಸಿನಿಮಾದ ಚಲನೆ

ಎಚ್‌ವಿ20ರ ಖ್ಯಾತಿಗೆ ದೊಡ್ಡ ಕಾರಣ ಅಮೆರಿಕದ ಮಾದರಿಯಲ್ಲಿದ್ದ 24 ಫ್ರೇಮಿನ ಸೌಲಭ್ಯ. ಸಿನಿಮಾ ಕ್ಯಾಮೆರಾದಂತೆ ಸೆಕೆಂಡಿಗೆ 24 ಪೂರ್ಣ ಚಿತ್ರಗಳನ್ನು ಹಿಡಿಯುವ ಅವಕಾಶ ಈ ಬೆಲೆಯ ಹೈ ಡೆಫಿನಿಷನ್ ಕ್ಯಾಮೆರಾದಲ್ಲಿ ಸಿಕ್ಕಿದಾಗ ಸಣ್ಣ ಬಜೆಟ್ಟಿನ ಚಿತ್ರಕಾರರು ಇದಕ್ಕೆ ಮುಗಿಬಿದ್ದರು. ಆದರೆ ಆ 24 ಚಿತ್ರಗಳನ್ನು ಟೇಪಿನ ಮೇಲೆ 60 ಅರ್ಧಚಿತ್ರಗಳಾಗಿ ಹಂಚಿ ಬರೆಯಲಾಗುತ್ತಿತ್ತು. ಎಡಿಟಿಂಗ್‌ಗೆ ಮುಂಚೆ ತಂತ್ರಾಂಶದ ಮೂಲಕ ಆ ಹಂಚಿಕೆಯನ್ನು ಬಿಡಿಸಿ ಮೂಲ 24ನ್ನು ಮರಳಿ ಪಡೆಯಬೇಕು. ಹೊಸಬರು ಇದರಲ್ಲಿ ಬಹಳ ಸಮಯ ಕಳೆದರು. ಪಾಲ್ ಮಾದರಿಯಲ್ಲಿ ಸಿಕ್ಕ 25 ಫ್ರೇಮಿನ ವಿಧಾನ ಸರಳ: ಎರಡೂ ಅರ್ಧಚಿತ್ರಗಳು ಒಂದೇ ಕ್ಷಣದವು, ಜೋಡಿಸಿದರೆ ಪೂರ್ಣ ಫ್ರೇಮ್ ಸಿದ್ಧ. 2008ರ ಎಚ್‌ವಿ30 ಅಮೆರಿಕದಲ್ಲಿ 30 ಫ್ರೇಮಿನ ಆಯ್ಕೆಯನ್ನು ಸೇರಿಸಿತು. 2009ರ ಎಚ್‌ವಿ40ರಲ್ಲಿ 24 ಫ್ರೇಮನ್ನು ಹಂಚದೆ ನೇರವಾಗಿ ಬರೆಯುವ ಅನುಕೂಲ ಬಂತು.

ಚಿಕ್ಕ ಸೆನ್ಸರಿನಲ್ಲಿ ಹತ್ತಿರದ್ದೂ ದೂರದ್ದೂ ಒಟ್ಟಿಗೆ ಸ್ಪಷ್ಟವಾಗಿ ಕಾಣುತ್ತದೆ. ಹಿನ್ನೆಲೆ ಮಸುಕಾಗಿ ಮುಖ ಮಾತ್ರ ಎದ್ದುಬರುವ ಸಿನಿಮಾ ನೋಟ ಬೇಕಾದವರು ಫೋಟೊ ಕ್ಯಾಮೆರಾದ ಮಸೂರವನ್ನು ಮುಂದಿಟ್ಟು, ಅದು ಉಜ್ಜಿದ ಗಾಜಿನ ಮೇಲೆ ಮೂಡಿಸಿದ ಬಿಂಬವನ್ನು ಎಚ್‌ವಿ20ರಿಂದ ಚಿತ್ರಿಸುತ್ತಿದ್ದರು. ಬಿಂಬ ತಲೆಕೆಳಗು, ಬೆಳಕು ನಷ್ಟ, ಸಲಕರಣೆ ಮೊಳದುದ್ದ. ಆದರೂ ಆ ಹುಮ್ಮಸ್ಸು ಮೆಚ್ಚಬೇಕಾದ್ದು. 2008ರಲ್ಲಿ ನಿಕಾನ್ ಡಿ90 ಮತ್ತು ಕ್ಯಾನನ್ 5ಡಿ ಮಾರ್ಕ್ 2 ಬಂದು ದೊಡ್ಡ ಸೆನ್ಸರಿನಲ್ಲೇ ವಿಡಿಯೊ ತೆಗೆಯತೊಡಗಿದ ಮೇಲೆ ಈ ಜೋಡಣೆಗಳು ಮೂಲೆ ಸೇರಿದವು.

ಧ್ವನಿ

ಟೇಪ್ ಕ್ಯಾಮೆರಾದ ಹಳೆಯ ಕಾಯಿಲೆ ಮೋಟಾರಿನ ಸದ್ದು. ನಿಮಿಷಕ್ಕೆ 9,000 ಸುತ್ತು ತಿರುಗುವ ಡ್ರಮ್, ಟೇಪು ಎಳೆಯುವ ಗಾಲಿಗಳು, ಇವೆಲ್ಲ ಮೈಕಿನಿಂದ ಕೆಲವೇ ಸೆಂಟಿಮೀಟರ್ ದೂರದಲ್ಲಿರುತ್ತವೆ. ಎಚ್‌ವಿ20ರ ಒಳಮೈಕಿನಲ್ಲಿ ಈ ಗುಯ್‌ಗುಡುವಿಕೆ ನಿಶ್ಶಬ್ದ ಕೋಣೆಯಲ್ಲಿ ಸ್ಪಷ್ಟವಾಗಿ ಕೇಳುತ್ತದೆ. ಪರಿಹಾರ ಹೊರಗಿನ ಮೈಕು. ಆದ್ದರಿಂದ ಮೈಕ್ ಕಿಂಡಿ ಇದೆಯೇ ಎಂಬುದು ಬೇರೆ ಹತ್ತು ಸೌಲಭ್ಯಗಳಿಗಿಂತ ಮುಖ್ಯವಾದ ಪ್ರಶ್ನೆ. ಸೋನಿ ಎಚ್‌ಸಿ1ರಲ್ಲಿ ಮೈಕ್ ಮತ್ತು ಹೆಡ್‌ಫೋನ್ ಕಿಂಡಿಗಳಿದ್ದವು. 2006ರ ಎಚ್‌ಸಿ3ರಲ್ಲಿ ಎರಡನ್ನೂ ಕೈಬಿಟ್ಟರು. ಅದು ಆ ಕ್ಯಾಮೆರಾದ ದೊಡ್ಡ ಹಿನ್ನಡೆ. 2007ರ ಎಚ್‌ಸಿ7ರಲ್ಲಿ ಮೈಕ್ ಕಿಂಡಿ ಮರಳಿತು. ಎಚ್‌ವಿ20ರಲ್ಲಿ ಮೈಕ್ ಕಿಂಡಿಯ ಜೊತೆಗೆ ಧ್ವನಿಮಟ್ಟವನ್ನು ಕೈಯಿಂದ ಹೊಂದಿಸುವ ಅವಕಾಶವೂ ಇದೆ. ಹೆಡ್‌ಫೋನ್ ಮಾತ್ರ ಎವಿ ಕಿಂಡಿಯನ್ನೇ ಹಂಚಿಕೊಳ್ಳಬೇಕು. ಎಚ್‌ಡಿವಿಯಲ್ಲಿ ಧ್ವನಿಯೂ ಸಂಕೋಚನಗೊಂಡದ್ದು, ಸೆಕೆಂಡಿಗೆ 384 ಕಿಲೊಬಿಟ್. ಮಾತಿಗೆ ಧಾರಾಳವಾಗಿ ಸಾಕು. ಸಂಗೀತ ಕಛೇರಿಯನ್ನು ಗಂಭೀರವಾಗಿ ದಾಖಲಿಸುವವರು ಬೇರೆ ರೆಕಾರ್ಡರ್ ಇಟ್ಟುಕೊಳ್ಳುವುದೇ ಮೇಲು.

ಟೇಪು ಮತ್ತು ಅದರ ಯಂತ್ರ

ಮಿನಿ ಡಿವಿ ಟೇಪಿನ ಅಗಲ 6.35 ಮಿ.ಮೀ. ಒಂದು ಗಂಟೆಯ ಕ್ಯಾಸೆಟ್ಟಿನಲ್ಲಿ ಸುಮಾರು 68 ಮೀಟರ್ ಟೇಪು ಸೆಕೆಂಡಿಗೆ 18.8 ಮಿ.ಮೀ. ವೇಗದಲ್ಲಿ ಸಾಗುತ್ತದೆ. ಅದರ ಮೇಲೆ ಓರೆಯಾಗಿ ಬರೆಯುವ ಒಂದೊಂದು ಪಥದ ಅಗಲ ಒಂದು ಮಿಲಿಮೀಟರಿನ ನೂರನೇ ಒಂದು ಭಾಗ. ಇಷ್ಟು ಸೂಕ್ಷ್ಮವಾದ ಬರವಣಿಗೆಯಲ್ಲಿ ಧೂಳಿನ ಕಣವೊಂದು ಸಿಕ್ಕರೂ ದತ್ತಾಂಶ ಜಾರುತ್ತದೆ. ಹಳೆಯ ಡಿವಿಯಲ್ಲಿ ಇಂಥ ಜಾರುವಿಕೆ ಒಂದು ಫ್ರೇಮಿನಲ್ಲಿ ಒಂದೆರಡು ಚೌಕಗಳನ್ನು ಕೆಡಿಸಿ ಮುಗಿಯುತ್ತಿತ್ತು. ಎಚ್‌ಡಿವಿಯಲ್ಲಿ ಪೂರ್ಣವಾಗಿ ಬರೆದ ಫ್ರೇಮಿಗೇ ಪೆಟ್ಟು ಬಿದ್ದರೆ ಅದನ್ನು ನೆಚ್ಚಿದ ಇಡೀ ಗುಂಪು ಹೋಗುತ್ತದೆ: ಅರ್ಧ ಸೆಕೆಂಡು ಚಿತ್ರ ಗರಬಡಿದಂತೆ ನಿಂತು ಧ್ವನಿ ಕತ್ತರಿಸುತ್ತದೆ. ಒಂದೇ ಕ್ಯಾಸೆಟ್ಟು, ಒಂದೇ ವೇಗವಾದರೂ ಎಚ್‌ಡಿವಿಗೆ ಒಳ್ಳೆಯ ಟೇಪು ಬೇಕೆನ್ನುವುದು ಇದಕ್ಕೇ. ಒಂದೇ ಕಂಪನಿಯ ಟೇಪನ್ನೇ ಬಳಸುತ್ತ ಹೋಗುವುದು, ಮಹತ್ವದ ಕೆಲಸಕ್ಕೆ ಹೊಸ ಟೇಪು ಹಾಕುವುದು, ಮೊದಲ ಒಂದು ನಿಮಿಷವನ್ನು ಖಾಲಿ ಬಿಡುವುದು ಅನುಭವಿಗಳು ಪಾಲಿಸಿದ ಕ್ರಮ. ಡಿವಿಯಲ್ಲಿದ್ದ ನಿಧಾನ ವೇಗದ ಎಲ್‌ಪಿ ವಿಧಾನ ಎಚ್‌ಡಿವಿಗೆ ಇಲ್ಲ.

ತೇವಾಂಶ ಟೇಪಿನ ಶತ್ರು. ಎಸಿ ಕೋಣೆಯಿಂದ ಹೊರಗಿನ ಸೆಕೆಗೆ ಬಂದ ಕ್ಯಾಮೆರಾದ ಡ್ರಮ್ಮಿನ ಮೇಲೆ ಹನಿಗಟ್ಟಿದರೆ ಕ್ಯಾಮೆರಾ ಎಚ್ಚರಿಕೆ ತೋರಿಸಿ ಕೆಲಸ ನಿಲ್ಲಿಸುತ್ತದೆ. ಅದು ಒಣಗುವವರೆಗೆ ಕಾಯಲೇಬೇಕು, ಬಲವಂತ ಮಾಡಿದರೆ ಟೇಪು ಡ್ರಮ್ಮಿಗೆ ಅಂಟುತ್ತದೆ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಬೀರುವಿನಲ್ಲಿಟ್ಟ ಕ್ಯಾಸೆಟ್ಟಿಗೂ ಮಸೂರಕ್ಕೂ ಬೂಷ್ಟು ಹಿಡಿಯುವುದು ಅಲ್ಲಿಯ ಜನಕ್ಕೆ ಹೇಳಬೇಕಾದ ವಿಷಯವಲ್ಲ.

ಇಷ್ಟಿದ್ದೂ ಟೇಪಿನ ಪರವಾಗಿ ಒಂದು ಬಲವಾದ ಮಾತಿದೆ. ಅದೇ ಕಾಲದಲ್ಲಿ, 2006ರಲ್ಲಿ, ಸೋನಿ ಮತ್ತು ಪ್ಯಾನಸೋನಿಕ್ ತಂದ ಎವಿಸಿಎಚ್‌ಡಿ ಮಾದರಿ ದೃಶ್ಯವನ್ನು ಡಿಸ್ಕು, ಹಾರ್ಡ್‌ಡಿಸ್ಕು, ಕಾರ್ಡುಗಳ ಮೇಲೆ ಬರೆಯುತ್ತಿತ್ತು. ಕಾರ್ಡು ತುಂಬಿದಾಗ ಅಳಿಸಬೇಕು. ಟೇಪು ತುಂಬಿದಾಗ ಹೆಸರು ಬರೆದು ಎತ್ತಿಡುತ್ತಾರೆ. ಅಳಿಸದೆ ಉಳಿದ ಮೂಲಪ್ರತಿ ತಾನಾಗಿಯೇ ಸಿಕ್ಕಂತಾಯಿತು. ಜೊತೆಗೆ ಆಗಿನ ಕಂಪ್ಯೂಟರುಗಳಿಗೆ ಎವಿಸಿಎಚ್‌ಡಿಯ ಬಿಗಿಯಾದ ಸಂಕೋಚನವನ್ನು ಬಿಡಿಸುವುದೇ ಕಷ್ಟವಾಗಿತ್ತು. ಎಂಪೆಗ್-2 ಅವುಗಳಿಗೆ ಹಗುರ.

ಕಂಪ್ಯೂಟರಿಗೆ ಸಾಗಣೆ

ಟೇಪಿನಿಂದ ದೃಶ್ಯವನ್ನು ಇಳಿಸುವುದು ಫೈರ್‌ವೈರ್ ಕೇಬಲ್ ಮೂಲಕ. ಒಂದು ಗಂಟೆಯ ಟೇಪಿಗೆ ಒಂದು ಗಂಟೆಯೇ ಬೇಕು, ಅವಸರ ನಡೆಯದು. ಗಂಟೆಗೆ ಸುಮಾರು 12 ಗಿಗಾಬೈಟ್ ಜಾಗ ಹಿಡಿಯುತ್ತದೆ. ಹೀಗೆ ಇಳಿಸಿದ್ದು ಟೇಪಿನಲ್ಲಿರುವುದರ ಯಥಾಪ್ರತಿ, ಗುಣಮಟ್ಟದಲ್ಲಿ ಕೂದಲೆಳೆಯಷ್ಟೂ ನಷ್ಟವಿಲ್ಲ. ಹೆಚ್ಚಿನ ಕ್ಯಾಮೆರಾಗಳು ಎಚ್‌ಡಿವಿ ಟೇಪನ್ನು ಹಳೆಯ ಡಿವಿ ರೂಪಕ್ಕೆ ಇಳಿಸಿ ಕಳಿಸುವ ಆಯ್ಕೆಯನ್ನೂ ಕೊಡುತ್ತಿದ್ದವು. ಗ್ರಾಹಕರಿಗೆ ಡಿವಿಡಿ ಮಾತ್ರ ಕೊಡಬೇಕಾಗಿದ್ದ ವಿಡಿಯೊದವರಿಗೆ ಇದು ತುಂಬ ಉಪಯೋಗಕ್ಕೆ ಬಂತು. ಈ ಆಯ್ಕೆ ತಿಳಿಯದೆ ಚಾಲೂ ಆಗಿದ್ದರೆ ಇಳಿದ ಚಿತ್ರ ಹೈ ಡೆಫಿನಿಷನ್ ಆಗಿರುವುದಿಲ್ಲ. ಇಂದು ಟೇಪು ಇಳಿಸುವವರು ಮೊದಲು ನೋಡಬೇಕಾದ ಮೆನು ಇದೇ. ಎಚ್‌ವಿ20ರಲ್ಲಿ ಎಚ್‌ಡಿಎಂಐ ಕಿಂಡಿಯೂ ಇತ್ತು. ಚಿತ್ರೀಕರಣದ ಹೊತ್ತಿನಲ್ಲಿ ಅದರಿಂದ ಹೊರಬರುವುದು ಟೇಪಿನ ಸಂಕೋಚನಕ್ಕೆ ಒಳಗಾಗದ ಚಿತ್ರ. ಬ್ಲ್ಯಾಕ್‌ಮ್ಯಾಜಿಕ್ ಕಂಪನಿಯ ಇಂಟೆನ್ಸಿಟಿ ಕಾರ್ಡಿನ ಮೂಲಕ ಅದನ್ನು ನೇರವಾಗಿ ಕಂಪ್ಯೂಟರಿಗೆ ಹಿಡಿದವರು ಸಿಕ್ಕ ಚಿತ್ರದ ಮಟ್ಟ ನೋಡಿ ಈ ಮಸೂರ, ಸೆನ್ಸರುಗಳ ನಿಜವಾದ ಸಾಮರ್ಥ್ಯವನ್ನು ಕಂಡರು. ಟೇಪೇ ಈ ಕ್ಯಾಮೆರಾದ ಇಕ್ಕಟ್ಟಾದ ಬಾಗಿಲು ಎಂಬುದು ಅಲ್ಲಿ ಸಾಬೀತಾಯಿತು.

ಇಂದಿನ ಮೌಲ್ಯ

ಹೊಸದಾಗಿ ಚಿತ್ರ ತೆಗೆಯಲು ಇಂದು ಎಚ್‌ಡಿವಿ ಕ್ಯಾಮೆರಾ ಕೊಳ್ಳುವ ಅಗತ್ಯವಿಲ್ಲ. ಸಾಧಾರಣ ಮೊಬೈಲ್ ಫೋನೂ ಇದಕ್ಕಿಂತ ಹೆಚ್ಚು ಬಿಂದುಗಳ ಚಿತ್ರ ಕೊಡುತ್ತದೆ, ಆಪ್ಟಿಕಲ್ ಜೂಮ್‌ನ ಅನುಕೂಲವೊಂದು ಬೇರೆ ಮಾತು. ಈಗ ಇದರ ಬೆಲೆ ಇರುವುದು ಟೇಪು ಓದುವ ಯಂತ್ರವಾಗಿ. ಹಾಗಾಗಿ ಹಳೆಯ ಕ್ಯಾಮೆರಾ ಕೊಳ್ಳುವವರ ಪರೀಕ್ಷೆಯ ಕ್ರಮವೂ ತಲೆಕೆಳಗಾಗಿದೆ. ಮಸೂರ, ಸೆನ್ಸರ್ ಹಿಂದಕ್ಕೆ ಸರಿದು ಟೇಪಿನ ಯಂತ್ರ ಮುಂದೆ ಬಂದಿದೆ. ಅದೇ ಕ್ಯಾಮೆರಾದಲ್ಲಿ ತೆಗೆದ ಟೇಪು ಅದರಲ್ಲೇ ಚೆನ್ನಾಗಿ ಓಡಿದರೆ ಸಾಲದು. ಬೇರೆ ಕ್ಯಾಮೆರಾದಲ್ಲಿ ತೆಗೆದ ಟೇಪನ್ನೂ ಹಾಕಿ ನೋಡಬೇಕು. ಟೇಪು ಓದುವ ಹೆಡ್‌ಗಳ ಜೋಡಣೆ ಅತ್ತಿತ್ತ ಆಗಿದ್ದರೆ ಅದು ಗೊತ್ತಾಗುವುದು ಆಗಲೇ. ಫೈರ್‌ವೈರ್ ಕಿಂಡಿ ಕೆಲಸ ಮಾಡುತ್ತದೆಯೇ ಎಂಬುದನ್ನು ಕಂಪ್ಯೂಟರಿಗೆ ಜೋಡಿಸಿಯೇ ಖಾತ್ರಿ ಮಾಡಿಕೊಳ್ಳಬೇಕು. ಈ ಪುಟ್ಟ ಕಿಂಡಿ ನಾಜೂಕಾದದ್ದು, ಕೇಬಲ್ಲನ್ನು ತಪ್ಪಾಗಿ ತುರುಕಿದರೆ ಸುಟ್ಟುಹೋಗಬಹುದು. ಕ್ಯಾಮೆರಾ ಮತ್ತು ಕಂಪ್ಯೂಟರ್ ಎರಡನ್ನೂ ಆರಿಸಿ ಕೇಬಲ್ ಹಾಕುವುದು ಕ್ಷೇಮ. ಚಿತ್ರ ಚೌಕಚೌಕವಾಗಿ ಒಡೆದರೆ ಮೊದಲು ಒಣ ಶುಚಿ ಕ್ಯಾಸೆಟ್ಟನ್ನು ಹತ್ತು ಸೆಕೆಂಡು ಓಡಿಸಿ ನೋಡಬಹುದು. ಪದೇಪದೇ ಹಾಗೆ ಮಾಡಿದರೆ ಹೆಡ್ ಸವೆಯುತ್ತದೆ.

ಈ ವರ್ಗದ ಕ್ಯಾಮೆರಾಗಳಲ್ಲಿ ಚಿತ್ರದ ಹರಿತ, ಮೈಕ್ ಕಿಂಡಿ, ಆಪ್ಟಿಕಲ್ ಸ್ಥಿರತೆ, ಬೆಲೆ ನಾಲ್ಕನ್ನೂ ಒಟ್ಟಿಗೆ ತೂಗಿದರೆ ಎಚ್‌ವಿ20 ಮತ್ತು ಅದರ ತಮ್ಮಂದಿರಾದ ಎಚ್‌ವಿ30, ಎಚ್‌ವಿ40 ಮೇಲೆ ನಿಲ್ಲುತ್ತವೆ. ಕೈಯ ಹಿಡಿತ ಮತ್ತು ಗಟ್ಟಿತನದಲ್ಲಿ ಎಚ್‌ಸಿ1 ಮುಂದು.

ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಫೈರ್‌ವೈರ್ ಕಿಂಡಿ ಬರುವುದಿಲ್ಲ. ಓಡುವ ಸ್ಥಿತಿಯಲ್ಲಿರುವ ಕ್ಯಾಮೆರಾಗಳು, ಅವನ್ನು ರಿಪೇರಿ ಮಾಡುವ ಕೈಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿವೆ. ಮನೆಯಲ್ಲಿ ಎಚ್‌ಡಿವಿ ಟೇಪುಗಳಿದ್ದವರು, ಕ್ಯಾಮೆರಾ ಇನ್ನೂ ಓಡುತ್ತಿದ್ದರೆ, ಅವನ್ನು ಮೂಲರೂಪದಲ್ಲೇ ಹಾರ್ಡ್‌ಡಿಸ್ಕಿಗೆ ಇಳಿಸಿ ಎರಡು ಪ್ರತಿ ಮಾಡಿ ಬೇರೆಬೇರೆ ಕಡೆ ಇಡಬೇಕು. ಇಳಿಸಿದ ಮೇಲೂ ಟೇಪುಗಳನ್ನು ಎಸೆಯದೆ, ಪೂರ್ತಿ ಹಿಂದಕ್ಕೆ ಸುತ್ತಿ, ಒಣ ಜಾಗದಲ್ಲಿ ನೇರವಾಗಿ ನಿಲ್ಲಿಸಿಡಿ.